ಎಡಗಡೆ ಕೂತಿದ್ದ ಅಪ್ಪ

ಬಿ.ಇ. ಮುಗಿಸಿ 8 ವರ್ಷದಿಂದ ಕೋಡ್ ಬರೀತಿದ್ದೀನಿ. ಸ್ಟೀರಿಂಗ್ ಹಿಡಿದಿದ್ದು ಮಾತ್ರ ಈ ವರ್ಷ, 30 ತುಂಬಿದ ಮೇಲೆ. ಮಂಡಿನೋವು ಜಾಸ್ತಿಯಾಗಿ ಅಪ್ಪನಿಗೆ ಕ್ಲಚ್ ಒತ್ತೋಕೆ ಕಷ್ಟವಾದಾಗ ನಾನು ಎಲ್‌ಎಲ್ ಮಾಡಿಸಿದೆ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಲೇಬೇಕು. ಹಾಗಾಗಿ ಭಾನುವಾರ ಬೆಳಗ್ಗೆ ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’, ಪಕ್ಕದಲ್ಲಿ ಅಪ್ಪ.

“ಎಡಕ್ಕೆ ಹೋಗ್ತಿದೀಯ ಕಣಮ್ಮ, ಸ್ವಲ್ಪ ಬಲಕ್ಕೆ ಬಾ” ಅಂತ ಎರಡು ನಿಮಿಷಕ್ಕೊಮ್ಮೆ ಹೇಳೋರು. ನನಗೆ ರೇಗೋದು. ನಾನು ಕೂತ ಜಾಗದಿಂದ ನೋಡಿದ್ರೆ ಸರಿಯಾಗಿ ಲೇನ್ ಮಧ್ಯದಲ್ಲೇ ಇದ್ದೆ! “ಸ್ವಲ್ಪ ಸುಮ್ನಿರಿ ಅಪ್ಪಾ” ಅಂದೆ. ಸುಮ್ಮನಾದರು.

ಒಂದು ನಿಮಿಷವೂ ಆಗಿರಲಿಲ್ಲ, ಟಪ್ ಅಂತ ಸದ್ದು. ಎಡಗಡೆ ಕನ್ನಡಿ ಸೊಪ್ಪಿನ ತಳ್ಳುಗಾಡಿಗೆ ಬಡಿದು ಮಡಚಿಕೊಂಡಿತ್ತು. ಗಾಡಿಯ ಆಚೆ ಬದಿಯಲ್ಲಿದ್ದ ಅಜ್ಜಿಗೆ ಏನೂ ಆಗಲಿಲ್ಲ. ಈಚೆ ಬದಿಯಲ್ಲಿ ನಿಂತಿದ್ದರೆ? ಇಳಿದು ಕ್ಷಮೆ ಕೇಳುವಾಗ ನನ್ನ ಕೈ ನಡುಗುತ್ತಿತ್ತು. “ನೋಡ್ಕೊಂಡು ಓಡ್ಸವ್ವ” ಅಂದರು ಅಷ್ಟೇ.

ಅಪ್ಪ ಬೈಯಲಿಲ್ಲ. ಹತ್ತಿರದ ಮೈದಾನದ ಪಕ್ಕ ನಿಲ್ಲಿಸಿಸಿ, “ಬಾ, ಇಲ್ಲಿ ಕೂತ್ಕೋ” ಅಂತ ತಮ್ಮ ಸೀಟು ಬಿಟ್ಟುಕೊಟ್ಟರು. ಅಲ್ಲಿಂದ ನೋಡಿದಾಗ ಫುಟ್‌ಪಾತ್ ಮೊಣಕೈ ಪಕ್ಕದಲ್ಲೇ ಇತ್ತು. ಆಗ ತಲೆಗೆ ಹೋಯ್ತು: ನಾನು ಲೇನ್ ಮಧ್ಯಕ್ಕೆ ತಂದಿದ್ದು ನನ್ನನ್ನು, ಕಾರನ್ನಲ್ಲ. ನಮ್ಮಲ್ಲಿ ಡ್ರೈವರ್ ಸೀಟು ಬಲಕ್ಕೆ. ಕಾರಿನ ಹೆಚ್ಚು ಭಾಗ ನನ್ನ ಎಡಕ್ಕಿದೆ. ಕಾರು ನಡುವೆ ಇರಬೇಕಾದರೆ ನಾನು ನಡುವಿಗಿಂತ ಸ್ವಲ್ಪ ಬಲಕ್ಕಿರಬೇಕು. ಇಷ್ಟು ಸಣ್ಣ ಲೆಕ್ಕ ಇಂಜಿನಿಯರ್‌ಗೆ ಹೊಳೆದಿರಲಿಲ್ಲ.

ಆಮೇಲೆ ಬಾನೆಟ್ ತುದಿ ನೋಡೋದು ಬಿಟ್ಟು ದೂರದ ರಸ್ತೆ ನೋಡೋದು ಕಲಿತೆ. ಕಾರು ತಾನಾಗಿಯೇ ನೆಟ್ಟಗೆ ಹೋಗತೊಡಗಿತು. ನಿಂತ ಕಾರುಗಳನ್ನು ದಾಟುವಾಗ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ಜಾಗ ಬಿಡ್ತೀನಿ. ಜಾಗ ಇಲ್ಲದಿದ್ದರೆ ನಿಧಾನ ಮಾಡ್ತೀನಿ. ಬಲಕ್ಕೆ ತಿರುಗಬೇಕಾದರೆ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಮೊದಲೇ ನಡುಗೆರೆಯ ಹತ್ತಿರ ಬರ್ತೀನಿ. ಎಡಕ್ಕಾದರೆ ಮೊದಲೇ ಎಡಕ್ಕೆ. ಕೊನೇ ಗಳಿಗೆಯಲ್ಲಿ ಕಟ್ ಹೊಡೆಯೋದಿಲ್ಲ.

ನೀವೂ ಕಲೀತಿದ್ರೆ, ನಿಲ್ಲಿಸಿದ ಕಾರಿನಲ್ಲಿ ಒಮ್ಮೆ ಎಡಗಡೆ ಕೂತು ನೋಡಿ.

ಕಳೆದ ವಾರ ಡಿಎಲ್ ಬಂತು. ಈಗ ಪಕ್ಕದಲ್ಲಿ ಯಾರೂ ಇರಲೇಬೇಕೆಂದಿಲ್ಲ. ಆದರೂ ಇಕ್ಕಟ್ಟು ರಸ್ತೆ ಬಂದಾಗ ನಾನೇ ಕೇಳ್ತೀನಿ, “ಅಪ್ಪಾ, ಎಡಗಡೆ ಜಾಗ ಇದೆಯಾ?”