ಒಂದು ಸ್ಟೇಷನ್ ಬಿಟ್ಟು ಹೊರಟ ರೈಲು

ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿದ್ದು ನಾನೇ. ಮಾರನೇ ದಿನ ಆನ್ ಆಯಿತು, ಅರ್ಧದಲ್ಲೇ ನಿಂತುಬಿಟ್ಟಿತು. ಒಳಗೆ ಅಬ್ಬಾರ ಅಂಗಡಿಯ ಮೂರು ತಿಂಗಳ ಉದ್ರಿ ಲೆಕ್ಕವಿತ್ತು. "ನಾನು ಕಾಮರ್ಸ್ ಓದ್ತಿದೀನಿ, ಇನ್ನು ಪುಸ್ತಕ ಯಾಕೆ?" ಎಂದು ಖಾತೆ ಪುಸ್ತಕ ನಿಲ್ಲಿಸಿದ್ದೂ ನಾನೇ. ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ಬೋರ್ಡ್ ಹೋಗಿದೆ ಎಂದರು. ಅಬ್ಬಾ ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಅದಕ್ಕೆ ಲಿನಕ್ಸ್ ಹಾಕಿಕೊಟ್ಟವರು ನಮ್ಮ ಖಾಲಾರ ಮಗ. ಕೆಜಿಎಫ್‌ನಿಂದ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಭಾನುವಾರ ಒಂದು ಯುಎಸ್‌ಬಿ ಕೀಬೋರ್ಡ್ ಹಿಡಿದು ಬಂದರು.

ಆಪರೇಟಿಂಗ್ ಸಿಸ್ಟಮ್‌ನ ತಿರುಳು ಕರ್ನೆಲ್. ಅದು ಏಳುವಾಗ ಡಿಸ್ಕ್, ಪರದೆ, ಕೀಬೋರ್ಡ್ ಎಂದು ಒಂದೊಂದನ್ನೂ ಸಿದ್ಧಮಾಡುವ ಫಂಕ್ಷನ್‌ಗಳನ್ನು ಸಾಲಾಗಿ ಕರೆಯುತ್ತದೆ. ಅವಕ್ಕೆ ಇನಿಟ್‌ಕಾಲ್ ಎಂದು ಹೆಸರು. ಮಾರಿಕುಪ್ಪಂ ಬಿಟ್ಟ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವ ಹಾಗೆ. ಊರ್ಗಾಂನಲ್ಲಿ ನಿಂತುಹೋದರೆ ಬಂಗಾರಪೇಟೆಯೂ ಇಲ್ಲ, ಬೆಂಗಳೂರೂ ಇಲ್ಲ.

ನಮ್ಮದು ಎಲ್ಲಿ ನಿಂತಿದೆ? ಭಾಯಿಜಾನ್ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನಲ್ಲಿ 'ಕ್ವಯಟ್' ಅಳಿಸಿ, ಕೊನೆಗೆ 'ಇಗ್ನೋರ್_ಲಾಗ್‌ಲೆವೆಲ್ ಇನಿಟ್‌ಕಾಲ್_ಡೀಬಗ್' ಸೇರಿಸಿದರು. ಆಗ ಪ್ರತಿ ಫಂಕ್ಷನ್ ಕರೆದದ್ದೂ ಮುಗಿಸಿ ಬಂದದ್ದೂ ಪರದೆಯ ಮೇಲೆ ಓಡತೊಡಗಿತು. ಕೊನೆಯ ಸಾಲು 'ಐ8042_ಇನಿಟ್'. ಕರೆದಿದೆ, ವಾಪಸು ಬಂದ ಸುದ್ದಿ ಇಲ್ಲ. ಅದು ಲ್ಯಾಪ್‌ಟಾಪಿನ ಕೀಬೋರ್ಡ್ ಮತ್ತು ಟಚ್‌ಪ್ಯಾಡ್‌ಗಳದು. ಅಂದರೆ ನನ್ನ ಚಹಾ.

ಹೊರಗಿನಿಂದ ಬಂದು ಸೇರುವ ಮಾಡ್ಯೂಲ್ ಆಗಿದ್ದರೆ ಅದನ್ನೇ ಲೋಡ್ ಆಗದಂತೆ ತಡೆಯಬಹುದಿತ್ತಂತೆ. ಇದು ಕರ್ನೆಲ್ ಒಳಗೇ ಸೇರಿಹೋದದ್ದು. ಅದಕ್ಕೇ ಅದೇ ಸಾಲಿನಲ್ಲಿ 'ಇನಿಟ್‌ಕಾಲ್_ಬ್ಲ್ಯಾಕ್‌ಲಿಸ್ಟ್=ಐ8042_ಇನಿಟ್' ಎಂದು ಬರೆಯಬೇಕು. ಆ ಹೆಸರು ಬಂದಾಗ ಕರ್ನೆಲ್ ಅದನ್ನು ಕರೆಯದೆ ಮುಂದೆ ಹೋಗುತ್ತದೆ.

"ಇಷ್ಟೇನಾ?" ಎಂದೆ.

"ಇದು ರಿಪೇರಿ ಅಲ್ಲ, ತೊಂದರೆ ಎಲ್ಲಿದೆ ಅಂತ ಹುಡುಕೋ ದಾರಿ. ಡಿಸ್ಕಿನ ಫಂಕ್ಷನ್ ತಡೆದಿದ್ರೆ ನಿನ್ನ ಲೆಕ್ಕವೇ ಸಿಗ್ತಿರಲಿಲ್ಲ."

ಲ್ಯಾಪ್‌ಟಾಪ್ ಪೂರ್ತಿ ತೆರೆದುಕೊಂಡಿತು. ಅದರ ಸ್ವಂತ ಕೀಲಿಗಳು ಮಾತ್ರ ಸತ್ತಿದ್ದವು. ಯುಎಸ್‌ಬಿ ಕೀಬೋರ್ಡ್ ಬೇರೆ ದಾರಿಯಲ್ಲಿ ಬರುವುದರಿಂದ ಕೆಲಸ ಮಾಡಿತು. ಗ್ರಬ್‌ನಲ್ಲಿ ಹೀಗೆ ಬರೆದದ್ದು ಆ ಒಂದು ಸಲಕ್ಕಷ್ಟೇ. ಆಫ್ ಮಾಡಿದರೆ ಮತ್ತೆ ಬರೆಯಬೇಕು. ಹಾಗಾಗಿ ಆಫ್ ಮಾಡುವ ಮೊದಲೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿದೆ.

ಆಮೇಲೆ ಅಬ್ಬಾರ ಪಕ್ಕ ಕೂತು, ಪ್ರತಿ ಹೆಸರನ್ನೂ ಉದ್ದನೆಯ ಖಾತೆ ಪುಸ್ತಕಕ್ಕೆ ಕೈಯಲ್ಲೇ ಇಳಿಸಿದೆ. ಮಗ್ರಿಬ್ ನಮಾಜ್ ಆದಮೇಲೆ ಶುರುಮಾಡಿದ್ದು, ಮುಗಿದಾಗ ರಾತ್ರಿ ಹನ್ನೊಂದು. ನಡುವೆ ಅಮ್ಮಿ ಚಹಾ ಮಾಡಿದರು. ನನ್ನದನ್ನು ಮಾತ್ರ ಅಡುಗೆಮನೆಯಲ್ಲೇ ಕುಡಿದು ಬಾ ಎಂದರು.