ಇಪ್ಪತ್ತು ಸೆಕೆಂಡಿನ ಹಾಲು

ಕೊಡಗಿನ ಡಿಸೆಂಬರ್. ಬೆಳಿಗ್ಗೆ ಆರು ಗಂಟೆ. ಕಾಫಿ ಗಿಡಗಳ ಮೇಲೆ ಮಂಜು ಇನ್ನೂ ಕೂತೇ ಇದೆ. ಹಂದಿಗೂಡಿನ ಬಾಗಿಲು ತಳ್ಳುತ್ತೀರಿ. ಬೆಚ್ಚನೆ ಗಾಳಿ ಮುಖಕ್ಕೆ ಬಡಿಯುತ್ತದೆ, ಹಿಂದೆಯೇ ತವುಡು, ಹುಲ್ಲು, ಹಾಲಿನ ವಾಸನೆ.

ಮೊದಲ ಅಂಕಣದಲ್ಲಿ ಯಾರ್ಕ್‌ಶೈರ್ ತಾಯಿ ಮಗ್ಗುಲಾಗಿ ಮಲಗಿದೆ. ನಿನ್ನೆ ಮಧ್ಯಾಹ್ನ ಹಾಕಿದ್ದು 15 ಮರಿ. ಹಾಲಿರುವ ಮೊಲೆ 12. ಪಕ್ಕದ ಅಂಕಣದ್ದೂ ನಿನ್ನೆಯೇ ಹಾಕಿದೆ, ಎಂಟೇ ಮರಿ. ಅದರ ಉಳಿದ ಮೊಲೆಗಳಿಗೆ ಮೂರು ದಿನ ಯಾವ ಬಾಯಿಯೂ ತಾಗದಿದ್ದರೆ ಬತ್ತಿಹೋಗುತ್ತವೆ.

“ಹೆಚ್ಚಾದ ಮೂರನ್ನ ರಾತ್ರಿಯೇ ಪಕ್ಕದ ತಾಯಿಗೆ ಬಿಡಬಹುದಿತ್ತಲ್ಲ ಅಕ್ಕ?” ಹಂದಿ ಸಾಕುವ ಅಕ್ಕನನ್ನು ಕೇಳುತ್ತೀರಿ.

“ಗಿಣ್ಣುಹಾಲು ಹೆತ್ತ ತಾಯಿದೇ ಕುಡೀಬೇಕು.”

ಹೊಟ್ಟೆಯಲ್ಲಿರುವಾಗ ಹಂದಿಮರಿಗೆ ತಾಯಿಯಿಂದ ರೋಗ ತಡೆಯುವ ಶಕ್ತಿ ದಾಟುವುದಿಲ್ಲ. ಅದು ಸಿಗುವುದು ಗಿಣ್ಣಿನಲ್ಲೇ, ಅದೂ ಮೊದಲ ದಿನದೊಳಗೆ. ಆಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ.

ಕೆಂಪು ಬಲ್ಬಿನಡಿ ಒಂದು ಬಡಕಲು ಮರಿ ನಡುಗುತ್ತಿದೆ. ನಿಮ್ಮ ಕೈ ತಾನಾಗಿ ಅದರತ್ತ ಹೋಗುತ್ತದೆ.

“ಅದನ್ನ ಬಿಡಿ. ದಪ್ಪಗಿರೋ ಮೂರನ್ನ ಎತ್ತಿ.”

ಹೊಸ ಮನೆಯಲ್ಲಿ ಗುದ್ದಾಡಿ ಮೊಲೆ ಹಿಡಿಯಲು ಬಲ ಬೇಕು. ಬಡಕಲಿಗೆ ಬೇಕಾದದ್ದು ಹೊಸ ತಾಯಿಯಲ್ಲ, ಇಲ್ಲೇ ಒಂದಿಷ್ಟು ಜಾಗ. ಗಟ್ಟಿ ಮರಿಯೊಂದನ್ನು ಎತ್ತುತ್ತೀರಿ. ಒಂದೂವರೆ ಕಿಲೋ ಇದ್ದೀತು. ಕಿರುಚಾಟ ಮಾತ್ರ ಕಿವಿ ಸೀಳುವಂತಿದೆ. ತಾಯಿ ತಟ್ಟನೆ ತಲೆ ಎತ್ತುತ್ತದೆ.

ಅಕ್ಕ ಆಚೆಯ ಎಂಟನ್ನೂ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ, ಆಚೆಯ ತಾಯಿ ಮಲಗಿದ್ದ ಹುಲ್ಲಿನಿಂದ ಎಲ್ಲವನ್ನೂ ಉಜ್ಜುತ್ತಾರೆ. ತಾಯಿಹಂದಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ. ಅರ್ಧ ಗಂಟೆ ಒಟ್ಟಿಗೆ ಹೊರಳಾಡಿದರೆ ಹನ್ನೊಂದಕ್ಕೂ ಒಂದೇ ವಾಸನೆ.

ಈಗ ಕಾಯುವುದು. ಹಂದಿ ಸುಮಾರು ತಾಸಿಗೊಮ್ಮೆ ಹಾಲಿಳಿಸುತ್ತದೆ, ಅದೂ ಇಪ್ಪತ್ತು ಸೆಕೆಂಡಿನಷ್ಟು. ಆಚೆಯ ತಾಯಿ ನಿಧಾನವಾಗಿ ಗೊರಗುಟ್ಟತೊಡಗುತ್ತದೆ. ಅಕ್ಕ ಬುಟ್ಟಿ ಬಗ್ಗಿಸುತ್ತಾರೆ. ಹನ್ನೊಂದೂ ಹೊಟ್ಟೆಯತ್ತ ನುಗ್ಗುತ್ತವೆ. ತಾಯಿಯ ಒದ್ದೆ ಮೂಗು ಹೊಸ ಮರಿಯೊಂದರ ಬೆನ್ನ ಮೇಲೆ ನಿಲ್ಲುತ್ತದೆ. ಕಚ್ಚಿಬಿಟ್ಟರೆ? ನೀವು ಉಸಿರು ಹಿಡಿಯುತ್ತೀರಿ. ಮೂಗು ಮುಂದೆ ಸರಿಯುತ್ತದೆ. ಗೊರಗುಟ್ಟುವುದು ಬಿರುಸಾಗುತ್ತದೆ, ಮರಿಗಳ ಗಲಾಟೆ ಒಮ್ಮೆಲೇ ನಿಲ್ಲುತ್ತದೆ. ಹಾಲು ಇಳಿದಿದೆ.

ಒಂದು ತಾಯಿಯ ದನಿ ಕೇಳಿದರೆ ಪಕ್ಕದ ತಾಯಿಗೂ ಹಾಲೂಡಿಸುವ ಹೊತ್ತು. ತಿರುಗಿ ನೋಡುತ್ತೀರಿ: ಮೊದಲ ಅಂಕಣದಲ್ಲಿ ಹನ್ನೆರಡು ಬೆನ್ನುಗಳ ಸಾಲು. ತುದಿಯಲ್ಲಿ ಆ ಬಡಕಲು ಮರಿ ಕಣ್ಣು ಮುಚ್ಚಿ ಚೀಪುತ್ತಿದೆ. ಅದನ್ನು ತಳ್ಳುವವರು ಯಾರೂ ಇಲ್ಲ.