ಅಂಗೈಯಗಲದ ರಾಜ್ಯ, 119 ಮತಗಳ ಗೆಲುವು

ಬೆಳಗಿನ ತಿಂಡಿಯ ಗಡಿಬಿಡಿ ಮುಗಿದು, ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಒಂದು ಗಂಟೆಯ ಬಿಡುವಿನಲ್ಲಿ ಒಂದು ಇಡೀ ದೇಶವನ್ನು ಸುತ್ತಿ ಬರೋಣ, ಬರ್ತೀರಾ? ಗಾಬರಿಯಾಗಬೇಡಿ. ನಾನು ಹೇಳುತ್ತಿರುವ ದೇಶ ಅಷ್ಟು ಚಿಕ್ಕದು. ಈ ತುದಿಯಿಂದ ಆ ತುದಿಗೆ ಸುಮಾರು 25 ಕಿಲೋಮೀಟರ್. ಮೈಸೂರಿನಿಂದ ನಂಜನಗೂಡಿಗೆ ಹೋದಷ್ಟು ದೂರ, ಅಷ್ಟೇ. ಒಟ್ಟು ವಿಸ್ತೀರ್ಣ 160 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 40,000. ನಮ್ಮಲ್ಲಿ ಒಂದು ತಾಲ್ಲೂಕು ಕೇಂದ್ರದಲ್ಲಿ ಇರುವಷ್ಟು ಜನ! ಹೆಸರು ಮಾತ್ರ ಉದ್ದ: ಲಿಕ್ಟೆನ್‌ಸ್ಟೈನ್.

ಯೂರೋಪಿನ ಭೂಪಟದಲ್ಲಿ ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ ಹುಡುಕಿ. ಮಕ್ಕಳ ಅಟ್ಲಾಸಿನಲ್ಲಾದರೆ ಭೂತಗನ್ನಡಿ ಬೇಕಾದೀತು. ಪಶ್ಚಿಮಕ್ಕೆ ರೈನ್ ನದಿ, ಪೂರ್ವಕ್ಕೆ ಆಲ್ಪ್ಸ್ ಪರ್ವತ. ಇವೆರಡರ ನಡುವೆ ಸೆರಗಿನ ಅಂಚಿನ ಹಾಗೆ ಒಂದು ಹಸಿರು ಪಟ್ಟಿ. ಈ ದೇಶಕ್ಕೆ ಸಮುದ್ರವಿಲ್ಲ. ಅಷ್ಟೇ ಅಲ್ಲ, ಸುತ್ತಲಿನ ಎರಡು ದೇಶಗಳಿಗೂ ಸಮುದ್ರವಿಲ್ಲ. ಅಂದರೆ ಇಲ್ಲಿನವರು ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಕನಿಷ್ಠ ಎರಡು ಗಡಿ ದಾಟಬೇಕು. ಪ್ರಪಂಚದಲ್ಲಿ ಇಂಥ ಸ್ಥಿತಿ ಇರುವುದು ಇದಕ್ಕೆ ಮತ್ತು ಉಜ್ಬೇಕಿಸ್ತಾನಕ್ಕೆ ಮಾತ್ರ.

ವಿಮಾನ ನಿಲ್ದಾಣವೂ ಇಲ್ಲಿಲ್ಲ. ಜ್ಯೂರಿಕ್‌ನಲ್ಲಿಳಿದು, ರೈಲಿನಲ್ಲಿ ಗಡಿಯ ಹತ್ತಿರದವರೆಗೆ ಬಂದು, ಬಸ್ಸು ಹಿಡಿದರೆ ರಾಜಧಾನಿ ವಡೂಜ್ ಬಂದೇ ಬಿಡುತ್ತದೆ. ನಡುವೆ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಪಾಸ್‌ಪೋರ್ಟ್ ಕೇಳುವವರೂ ಇಲ್ಲ. ಬೇಕೇ ಬೇಕು ಅನ್ನುವವರಿಗೆ ವಡೂಜ್‌ನ ಪ್ರವಾಸಿ ಕಚೇರಿಯಲ್ಲಿ ದುಡ್ಡು ತೆಗೆದುಕೊಂಡು ನೆನಪಿಗಾಗಿ ಒಂದು ಮುದ್ರೆ ಒತ್ತಿಕೊಡುತ್ತಾರೆ! ಇನ್ನೂ ಚೆಂದ ಬೇಕೆಂದರೆ, ರೈನ್ ನದಿಗೆ 1901ರಲ್ಲಿ ಕಟ್ಟಿದ ಮರದ ಸೇತುವೆಯ ಮೇಲೆ ನಡೆದು ಬರಬಹುದು. ಅದರ ಉದ್ದ 135 ಮೀಟರ್. ಅರ್ಧ ಸೇತುವೆ ಸ್ವಿಟ್ಜರ್‌ಲೆಂಡ್, ಇನ್ನರ್ಧ ಲಿಕ್ಟೆನ್‌ಸ್ಟೈನ್.

ಕೊಂಡುಕೊಂಡ ರಾಜ್ಯ

ವಡೂಜ್‌ನಲ್ಲಿ ತಲೆಯೆತ್ತಿ ನೋಡಿದರೆ ಬೆಟ್ಟದ ಮೇಲೆ ಅರಮನೆ ಕಾಣುತ್ತದೆ. ಒಳಗೆ ಪ್ರವೇಶವಿಲ್ಲ, ಯಾಕೆಂದರೆ ಅದು ರಾಜಮನೆತನದವರು ವಾಸವಾಗಿರುವ ಮನೆ. ಈ ಮನೆತನದ ಕಥೆ ತಮಾಷೆಯಾಗಿದೆ. ಇವರು ಮೊದಲು ವಿಯೆನ್ನಾದ ಶ್ರೀಮಂತರು. ಸಾಮ್ರಾಟನ ಸಭೆಯಲ್ಲಿ ಆಸನ ಬೇಕಾದರೆ ನೇರವಾಗಿ ಸಾಮ್ರಾಟನ ಅಧೀನದಲ್ಲಿರುವ ಜಮೀನು ಕೈಯಲ್ಲಿರಬೇಕಿತ್ತು. ಅದಕ್ಕಾಗಿ 1699ರಲ್ಲಿ ಒಂದು ತುಂಡು, 1712ರಲ್ಲಿ ಇನ್ನೊಂದು ತುಂಡು ಕೊಂಡರು. 1719ರಲ್ಲಿ ಸಾಮ್ರಾಟ ಎರಡನ್ನೂ ಸೇರಿಸಿ, ಮನೆತನದ ಹೆಸರನ್ನೇ ಇಟ್ಟು ಸಂಸ್ಥಾನ ಮಾಡಿಕೊಟ್ಟ. ಕೊಂಡದ್ದೇನೋ ಕೊಂಡರು, ಆದರೆ ಪಟ್ಟದಲ್ಲಿದ್ದ ಯಾವ ರಾಜನೂ ನೂರು ವರ್ಷಕ್ಕೂ ಮೀರಿ ಈ ಕಡೆ ತಲೆ ಹಾಕಲಿಲ್ಲ. ಇಲ್ಲಿ ಬಂದು ನೆಲೆಸಿದ ಮೊದಲ ದೊರೆ ಎರಡನೇ ಫ್ರಾಂಜ್ ಜೋಸೆಫ್, ಅದೂ 1938ರಲ್ಲಿ.

ಸೈನ್ಯದ ವಿಷಯ ಕೇಳಿದರೆ ನೀವು ನಗುತ್ತೀರಿ. 1866ರ ಯುದ್ಧಕ್ಕೆ ಇಲ್ಲಿಂದ 80 ಜನ ಹೋದರಂತೆ, 81 ಜನ ವಾಪಸು ಬಂದರಂತೆ! ದಾರಿಯಲ್ಲಿ ಒಬ್ಬ ಸ್ನೇಹಿತ ಜೊತೆಯಾದ ಎಂದು ಜನ ಇಂದಿಗೂ ಹೇಳಿಕೊಳ್ಳುತ್ತಾರೆ. 1868ರಲ್ಲಿ ಖರ್ಚು ಯಾಕೆಂದು ಸೈನ್ಯವನ್ನೇ ತೆಗೆದುಹಾಕಿದರು. 2007ರಲ್ಲಿ ಸುಮಾರು 170 ಸ್ವಿಸ್ ಸೈನಿಕರು ರಾತ್ರಿಯ ತಾಲೀಮಿನಲ್ಲಿ ದಾರಿ ತಪ್ಪಿ ಗಡಿಯೊಳಗೆ ಬಂದುಬಿಟ್ಟಿದ್ದರು. ಇವರಿಗೆ ತಿಳಿದೇ ಇರಲಿಲ್ಲ.

ಮನೆಯಂಥ ಸರಕಾರ

ಈಗ ಇಲ್ಲಿನ ಆಡಳಿತ ನೋಡೋಣ. ಲಾಂಡ್‌ಟಾಗ್ ಎಂಬ ಸಂಸತ್ತಿನಲ್ಲಿ 25 ಸದಸ್ಯರು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಇವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಉದ್ಯೋಗ ನೋಡಿಕೊಂಡೇ ಸಭೆಗೆ ಬರುತ್ತಾರೆ. ಪ್ರಧಾನಿಯೂ ಸೇರಿ ಮಂತ್ರಿಗಳು ಐದೇ ಜನ. ಇಡೀ ದೇಶಕ್ಕೆ 11 ಪಂಚಾಯಿತಿಗಳು. ಸ್ವಂತ ನಾಣ್ಯವಿಲ್ಲ, 1920ರ ದಶಕದಿಂದ ಸ್ವಿಸ್ ಫ್ರಾಂಕೇ ಚಲಾವಣೆ. ಬಡ ದೇಶವೆಂದು ಮಾತ್ರ ತಿಳಿಯಬೇಡಿ. ಬ್ಯಾಂಕುಗಳಿವೆ, ಕಾರ್ಖಾನೆಗಳಿವೆ. ಕಟ್ಟುಹಲ್ಲುಗಳಿಂದ ಹಿಡಿದು ಗೋಡೆ ಕೊರೆಯುವ ಯಂತ್ರಗಳವರೆಗೆ ಇಲ್ಲಿನ ಕಂಪನಿಗಳ ಸಾಮಾನು ಪ್ರಪಂಚಕ್ಕೆಲ್ಲ ಹೋಗುತ್ತದೆ.

ಇಲ್ಲಿನ ಜನಕ್ಕೆ ಒಂದು ವಿಶೇಷ ಹಕ್ಕಿದೆ. ಸಂಸತ್ತು ಮಾಡಿದ ಕಾನೂನು ಇಷ್ಟವಾಗದಿದ್ದರೆ 1,000 ಮತದಾರರು ಸಹಿ ಹಾಕಿದರೆ ಸಾಕು, ಇಡೀ ದೇಶ ಮತ ಹಾಕಿ ತೀರ್ಮಾನಿಸಬೇಕು. ಸಂವಿಧಾನದ ಮಾತಾದರೆ 1,500 ಸಹಿ. ಆದರೆ ದೊರೆಯೂ ಬೊಂಬೆಯಲ್ಲ. ಅವರ ಒಪ್ಪಿಗೆಯಿಲ್ಲದೆ ಯಾವ ಕಾನೂನೂ ಜಾರಿಗೆ ಬರದು. ಈ ಅಧಿಕಾರ ಕಡಿಮೆ ಮಾಡೋಣವೇ ಎಂದು 2012ರಲ್ಲಿ ಜನರನ್ನೇ ಕೇಳಿದಾಗ, ನೂರಕ್ಕೆ 76 ಮಂದಿ ಬೇಡ ಅಂದರು. ಈಗಿನ ದೊರೆ ಎರಡನೇ ಹಾನ್ಸ್ ಆಡಂ 1989ರಲ್ಲಿ ಪಟ್ಟಕ್ಕೆ ಬಂದವರು. 2004ರಿಂದ ದಿನನಿತ್ಯದ ರಾಜಕಾರ್ಯವನ್ನು ಮಗ ಅಲೋಯಿಸ್ ನೋಡಿಕೊಳ್ಳುತ್ತಾರೆ. ಅವರ ರಾಷ್ಟ್ರೀಯ ದಿನ ಯಾವತ್ತು ಗೊತ್ತೇ? ನಮ್ಮ ಸ್ವಾತಂತ್ರ್ಯ ದಿನದಂದೇ, ಆಗಸ್ಟ್ 15!

ಅಡುಗೆಮನೆಗೆ ಒಂದು ಇಣುಕು

ಅಷ್ಟು ದೂರ ಹೋಗಿ ಅಡುಗೆಮನೆ ನೋಡದೆ ಬರುವುದುಂಟೇ? ಇಲ್ಲಿನ ಹಳೆಯ ಮನೆತಿಂಡಿ 'ರೀಬೆಲ್'. ಮೆಕ್ಕೆಜೋಳದ ರವೆಯನ್ನು ಕುದಿಯುವ ಹಾಲು-ನೀರಿಗೆ ಹಾಕಿ ಅರಳಲು ಬಿಟ್ಟು, ಆಮೇಲೆ ಬಾಣಲೆಯಲ್ಲಿ ಬೆಣ್ಣೆ ಹಾಕಿ, ಸೌಟಿನಿಂದ ಒಡೆಯುತ್ತಾ ಉದುರುದುರಾಗಿ ಕೆಂಪಗೆ ಹುರಿಯುತ್ತಾರೆ. ನೋಡಿದರೆ ನಮ್ಮ ಉಪ್ಪಿಟ್ಟಿನ ದೂರದ ಅಕ್ಕ ಅನ್ನಿಸುತ್ತದೆ. ಒಗ್ಗರಣೆ ಇಲ್ಲ, ಮೆಣಸಿನಕಾಯಿ ಇಲ್ಲ. ಬೇಯಿಸಿ ಅರೆದ ಸೇಬಿನ ಜೊತೆಗೋ, ಹಾಲು ಕಾಫಿಯ ಜೊತೆಗೋ ತಿನ್ನುತ್ತಾರೆ. ಹಿಂದೆ ಹೊಲಗೆಲಸದ ಮನೆಗಳಲ್ಲಿ ಹೊಟ್ಟೆ ತುಂಬಿಸುತ್ತಿದ್ದದ್ದು ಇದೇ.

ಈ ಬಾಣಲೆಯ ಮುಂದೆ ನಿಂತ ಗೃಹಿಣಿಯ ವಿಷಯ ಹೇಳಬೇಕೆಂದೇ ನಿಮ್ಮನ್ನು ಇಷ್ಟು ದೂರ ಕರೆತಂದೆ. ಮಾತುಮಾತಿಗೆ ಮತ ಹಾಕುವ ದೇಶ ಎಂದೆನಲ್ಲ, ಆ ಮತ ಯಾರದು? 1984ರವರೆಗೂ ಗಂಡಸರದು ಮಾತ್ರ!

ಕೇಳಿ ಕೇಳಿ ಪಡೆದ ಮತ

ನಮ್ಮ ದೇಶದಲ್ಲಿ 1951-52ರ ಮೊದಲ ಮಹಾ ಚುನಾವಣೆಯಲ್ಲೇ ಹೆಂಗಸರು ಸಾಲಿನಲ್ಲಿ ನಿಂತು ಮತ ಹಾಕಿದರು. ಆದರೆ ಯೂರೋಪಿನ ನಡುಮಧ್ಯದಲ್ಲಿದ್ದ ಈ ಶ್ರೀಮಂತ ಸಂಸ್ಥಾನದ ಹೆಂಗಸರಿಗೆ ಆಗ ಅದು ಕನಸು. 1968ರಲ್ಲಿ ಒಮ್ಮೆ ಅಭಿಪ್ರಾಯ ತಿಳಿಯಲೆಂದು ಗಂಡಸರು, ಹೆಂಗಸರು ಇಬ್ಬರನ್ನೂ ಕೇಳಿದರು. ಗಂಡಸರು ಬೇಡ ಅಂದರು. ಹೆಂಗಸರು ಬೇಕು ಅಂದರು ನಿಜ, ಆದರೆ ಕೂದಲೆಳೆಯ ಅಂತರದಲ್ಲಿ. ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರೇ ನಮಗೇಕೆ ಈ ಉಸಾಬರಿ ಅಂದುಬಿಟ್ಟರು. ಓದುವಾಗ ಬೇಸರವಾಗುತ್ತದೆ. ಆದರೆ ಇಂಥ ಮಾತು ನಮ್ಮ ನಿಮ್ಮ ಮನೆಗಳಲ್ಲೂ ಕೇಳಿದ್ದಿದೆ, ಅಲ್ಲವೇ?

1971ರ ಫೆಬ್ರವರಿಯಲ್ಲಿ ಪಕ್ಕದ ಸ್ವಿಟ್ಜರ್‌ಲೆಂಡ್ ತನ್ನ ಹೆಂಗಸರಿಗೆ ಮತ ಕೊಟ್ಟಿತು. ಅದೇ ತಿಂಗಳ ಕೊನೆಗೆ ಲಿಕ್ಟೆನ್‌ಸ್ಟೈನ್‌ನ ಗಂಡಸರು ಬೇಡ ಎಂದರು. 1973ರಲ್ಲಿ ಮತ್ತೆ ಕೇಳಿದರೆ, ಈ ಸಲ ಇನ್ನೂ ಜೋರಾಗಿ ಬೇಡ ಎಂದರು. ಹಾಗೆಂದು ಹೆಂಗಸರು ಹಿಂದುಳಿದಿದ್ದರೇ? 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಾನ್ನಿ ವೆನ್ಜೆಲ್ ಎಂಬಾಕೆ ಹಿಮದ ಮೇಲೆ ಜಾರಿ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದರು. ಅದು ಆ ದೇಶದ ಮೊದಲ ಒಲಿಂಪಿಕ್ ಚಿನ್ನ. ದೇಶದ ಬಾವುಟವನ್ನು ಪ್ರಪಂಚದೆದುರು ಏರಿಸಿದ ಆ ಹೆಣ್ಣುಮಗಳಿಗೆ ತನ್ನ ಸಂಸತ್ತಿಗೆ ಒಂದು ಮತ ಹಾಕುವ ಹಕ್ಕಿರಲಿಲ್ಲ!

1981ರಲ್ಲಿ ಕೆಲವು ಹೆಂಗಸರು ಒಂದು ಗುಂಪು ಕಟ್ಟಿದರು. ಅದಕ್ಕಿಟ್ಟ ಹೆಸರು 'ಡೋರ್ನ್‌ರೋಸ್‌ಖೆನ್'. ಮುಳ್ಳುಪೊದೆಯ ನಡುವಿನ ಅರಮನೆಯಲ್ಲಿ ನೂರು ವರ್ಷ ಮಲಗಿದ್ದ ರಾಜಕುಮಾರಿಯ ಕಥೆ ಮಕ್ಕಳಿಗೆ ಹೇಳಿದ್ದೀರಲ್ಲ, ಅದೇ ರಾಜಕುಮಾರಿ. ಆದರೆ ಇವರು ಎಬ್ಬಿಸಲು ಬರುವ ರಾಜಕುಮಾರನಿಗಾಗಿ ಕಾಯಲಿಲ್ಲ. ನ್ಯಾಯಾಲಯದ ಬಾಗಿಲು ತಟ್ಟಿದರು. ಅಲ್ಲಿ ಸೋತರು. 1983ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ, ಯೂರೋಪಿನ ದೇಶಗಳೆಲ್ಲ ಸೇರುವ ಮಂಡಳಿಯ ಮುಂದೆ ತಮ್ಮ ಕಷ್ಟ ಹೇಳಿಕೊಂಡರು. ಮನೆಯ ಮಾತನ್ನು ಬೀದಿಗೆ ತಂದಿರಿ ಅನ್ನಿಸಿಕೊಳ್ಳುವುದು ಚಿಕ್ಕ ಊರಿನಲ್ಲಿ ಎಷ್ಟು ಕಷ್ಟವೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಜಾಗ ಅದು.

1984ರ ಜುಲೈ 1ರಂದು ಮೂರನೇ ಸಲ ಗಂಡಸರು ಮತ ಹಾಕಿದರು. ಬೇಕು 2,370. ಬೇಡ 2,251. ವ್ಯತ್ಯಾಸ 119! ಮದುವೆಮನೆಯ ಒಂದು ಪಂಕ್ತಿಯಲ್ಲಿ ಕೂರುವಷ್ಟು ಜನ. ಆ ಪಂಕ್ತಿಯಲ್ಲಿ ಅರ್ಧ ಜನ ಆಚೆ ಬದಿಗೆ ಹೋಗಿ ಕೂತಿದ್ದರೆ ಹೆಂಗಸರು ಮತ್ತೆ ಕಾಯಬೇಕಿತ್ತು. ಯೂರೋಪಿನಲ್ಲಿ ಹೆಂಗಸರಿಗೆ ರಾಷ್ಟ್ರ ಮಟ್ಟದ ಮತ ಕೊಟ್ಟ ಕೊನೆಯ ದೇಶ ಇದು. ಅಷ್ಟಾದರೂ ಪಂಚಾಯಿತಿಯ ಮತ ಬೇರೆ. ಅದನ್ನು ಊರೂರೂ ತಾನೇ ತೀರ್ಮಾನಿಸಬೇಕಿತ್ತು. ಕೊನೆಯ ಮೂರು ಊರುಗಳು ಒಪ್ಪಿದ್ದು 1986ರಲ್ಲಿ.

ಅದೇ 1986ರ ಚುನಾವಣೆಯಲ್ಲಿ, ಆಗ 15 ಸ್ಥಾನಗಳಿದ್ದ ಸಂಸತ್ತಿಗೆ ಎಮ್ಮಾ ಐಗನ್‌ಮನ್ ಎಂಬ ಒಬ್ಬರೇ ಮಹಿಳೆ ಆಯ್ಕೆಯಾದರು. ಹದಿನಾಲ್ಕು ಗಂಡಸರ ನಡುವೆ ಒಬ್ಬಾಕೆ. 1993ರಲ್ಲಿ ಮೊದಲ ಮಹಿಳಾ ಮಂತ್ರಿಗಳು ಬಂದರು. 2021ರ ಸರಕಾರದಲ್ಲಿ ಐವರು ಮಂತ್ರಿಗಳ ಪೈಕಿ ಮೂವರು ಮಹಿಳೆಯರು. 2025ರ ಏಪ್ರಿಲ್‌ನಲ್ಲಿ ಬ್ರಿಗಿಟ್ಟೆ ಹಾಸ್ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಕಾದದ್ದು ಬಹಳ, ಆದರೆ ಬಾಗಿಲು ತೆರೆದ ಮೇಲೆ ಹೆಜ್ಜೆ ಹಿಂದಿಡಲಿಲ್ಲ. ಒಂದು ಬಾಗಿಲು ಮಾತ್ರ ಇನ್ನೂ ಮುಚ್ಚಿದೆ: ಬೆಟ್ಟದ ಮೇಲಿನ ಆ ಅರಮನೆಯ ಪಟ್ಟ ರಾಜಮನೆತನದ ನಿಯಮದಂತೆ ಗಂಡುಮಕ್ಕಳಿಗೇ ಹೋಗುತ್ತದೆ.

ಹಾನ್ನಿ ವೆನ್ಜೆಲ್ ಅವರ ಮಗಳು ಟೀನಾ ವೈರಾಥರ್ 2018ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಅಮ್ಮನ ಹಾಗೇ ಹಿಮದ ಮೇಲೆ. ಒಂದೇ ವ್ಯತ್ಯಾಸ: ಅಮ್ಮ ಗೆದ್ದಾಗ ಮತವಿರಲಿಲ್ಲ, ಮಗಳಿಗೆ ಅದು ಹುಟ್ಟಿನಿಂದಲೇ ಬಂದ ಹಕ್ಕು.

ಸರಿ, ನಮ್ಮ ಪ್ರವಾಸ ಮುಗಿಯಿತು. ಒಲೆಯ ಮೇಲೆ ಹಾಲಿಟ್ಟಿದ್ದರೆ ನೋಡಿಕೊಳ್ಳಿ. ಮುಂದಿನ ಸಲ ಮನೆಗೆ ಮತದಾನದ ಚೀಟಿ ಬಂದಾಗ, ಅಡುಗೆಯೆಲ್ಲ ಮುಗಿಸಿ ಸಮಯ ಸಿಕ್ಕರೆ ಹೋಗೋಣ ಅನ್ನಿಸುವುದುಂಟು. ಆಗ ಆ 119ನ್ನು ಒಮ್ಮೆ ನೆನೆಸಿಕೊಳ್ಳಿ. ಅಡುಗೆ ಅರ್ಧ ಗಂಟೆ ತಡವಾದರೆ ಮನೆಯವರು ಕಾಯುತ್ತಾರೆ ಬಿಡಿ.